ಕೆನ್ನೆಯ ಹಿಂದಿನ ಬಣ್ಣ

ಹಲ್ಲಿನ ಡಾಕ್ಟರು ಅವಳ ರಿಪೇರಿ ಮೇಜಿನ ಮೇಲೆ ಡಬ್ಬಿಯಿಟ್ಟು ಮುಚ್ಚಳ ತೆಗೆದರು. ಒಳಗೆ ಹತ್ತಿಯ ಮೇಲೆ ಮಲಗಿದ್ದದ್ದು ಅವಳ ತಾಯಿ.

"ನಮ್ಮಮ್ಮ," ಎಂದರು ಡಾಕ್ಟರು. "ಗಾಜು ಸೀಳು ಬಿಟ್ಟಿದೆ ನೋಡಿ. ಒಳಗೆ ಬೂಷ್ಟು ಬೇರೆ ಹಿಡಿದ ಹಾಗಿದೆ. ದಂತದ ಚಿತ್ರ ಸರಿಮಾಡೋರು ಊರಲ್ಲಿ ನೀವೊಬ್ಬರೇ ಅಂತ ಕನ್ನಡಕದ ಅಂಗಡಿಯವರು ಹೇಳಿದ್ರು."

ಅವಳು ನೋಡಿದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇನ್ನೊಮ್ಮೆ ನೋಡಿದಳು. ಎರಡು ಹೆಬ್ಬೆರಳು ಸೇರಿಸಿದಷ್ಟು ಅಗಲದ ದಂತದ ಬಿಲ್ಲೆ, ಅದರ ಮೇಲೆ ನೀಲಿ ಬಟ್ಟೆ ತೊಟ್ಟ ಒಬ್ಬ ಹರೆಯದ ಹೆಂಗಸು. ಎಡ ಹುಬ್ಬಿನ ತುದಿಯಲ್ಲಿ ಕೂದಲು ಹುಟ್ಟದ ಒಂದು ಸಣ್ಣ ಗೆರೆ. ಕಿವಿಯ ಕೆಳಗೆ ಎಳ್ಳಿನಷ್ಟು ಮಚ್ಚೆ. ಯಾರೋ ಏನೋ ಹೇಳುತ್ತಾರೆಂದು ಕಾಯುತ್ತಿರುವವಳ ಹಾಗೆ ಚೂರೇ ಚೂರು ವಾಲಿದ ಕತ್ತು. ಇದೇ ಹುಬ್ಬು, ಇದೇ ಮಚ್ಚೆ, ಇದೇ ಕತ್ತು ನಲವತ್ತೈದು ವರ್ಷಗಳಿಂದ ಅವಳ ಕೊರಳ ಸರದ ಪದಕದಲ್ಲಿ, ಅಂಗಿಯ ಒಳಗಡೆ ಬೆಚ್ಚಗೆ ಕೂತಿದ್ದವು. ಈಗಲೂ ಅಲ್ಲೇ ಇದ್ದವು. ಅವಳು ಅಂಗಿಯ ಮೇಲಿನಿಂದಲೇ ಕೈಯಿಟ್ಟು ಖಾತ್ರಿ ಮಾಡಿಕೊಂಡಳು.

"ಹೋದ ತಿಂಗಳು ತೀರಿಕೊಂಡ್ರು," ಎಂದರು ಡಾಕ್ಟರು.

"ಹೋದ ತಿಂಗಳಾ?"

"ಎಪ್ಪತ್ತೆರಡಾಗಿತ್ತು. ಹಿಂದಿನ ದಿನದವರೆಗೂ ಇಸ್ಪೀಟಲ್ಲಿ ಮೋಸ ಮಾಡ್ತಾ ಇದ್ರು. ಬೈಯೋಕೆ ಶುರು ಮಾಡಿದ್ರೆ ಬೀದಿ ಆ ತುದಿಗೆ ಕೇಳಬೇಕು. ಇದರಲ್ಲಿ ನೋಡಿ, ಎಷ್ಟು ಸಾಧು! ಇದನ್ನ ಬರೆದ ನಿಮ್ಮ ತಂದೆಗೆ ದಾಕ್ಷಿಣ್ಯ ಜಾಸ್ತಿ ಇದ್ದಿರಬೇಕು." ಡಾಕ್ಟರು ನಕ್ಕರು. ದುಃಖ ಇನ್ನೂ ಹಸಿಯಾಗಿದ್ದವರ ನಗು. "ಇದೂ ಹಲ್ಲೇ ಅಲ್ವಾ ಕೊನೆಗೆ? ಜೀವಮಾನದಲ್ಲಿ ಒಂದು ದಿನ ನನ್ನ ಕುರ್ಚಿ ಮೇಲೆ ಕೂತು ಬಾಯಿ ತೆಗೀಲಿಲ್ಲ ನಮ್ಮಮ್ಮ. ಈಗ ಆನೆ ಹಲ್ಲಿನ ಮೇಲೇ ಕೂತಿದ್ದಾರೆ."

ಅವಳಿಗೆ ನಗು ಬರಲಿಲ್ಲ. "ನಿಮಗೆಷ್ಟು ವಯಸ್ಸು ಡಾಕ್ಟ್ರೇ?" ಎಂದು ಕೇಳಿಬಿಟ್ಟಳು.

"ಹಲ್ಲು ನೋಡಿ ವಯಸ್ಸು ಹೇಳೋನು ನಾನು. ನಲವತ್ತೇಳು. ಯಾಕೆ?"

"ಸುಮ್ನೆ. ಶುಕ್ರವಾರ ಬನ್ನಿ."

ಅವಳಿಗೆ ನಲವತ್ತೊಂಬತ್ತು. ಅವಳು ಎಂಟು ತಿಂಗಳ ಮಗುವಾಗಿದ್ದಾಗ ತಾಯಿ ಜ್ವರ ಬಂದು ಹೋದಳೆಂದು ಅಪ್ಪ ಹೇಳಿದ್ದ. ಹಾಗಾದರೆ ಹೋದದ್ದು ಎಲ್ಲಿಗೆ? ಡಾಕ್ಟರು ಅಂಗಡಿಯ ಮುಂದಿನ ಮೆಟ್ಟಿಲಿಳಿದು ಹೋದ ಮೇಲೂ ಅವಳು ಬಾಗಿಲ ಕಡೆ ನೋಡುತ್ತಲೇ ನಿಂತಳು. ತನಗಿಂತ ಎರಡು ವರ್ಷ ಚಿಕ್ಕವನು. ತಾಯಿ ಈ ಊರಲ್ಲೇ, ನಾಲ್ಕು ಬೀದಿ ಆಚೆ, ಇಸ್ಪೀಟಾಡಿಕೊಂಡು, ಬೈದುಕೊಂಡು, ಹೋದ ತಿಂಗಳವರೆಗೆ ಬದುಕಿದ್ದಳೇ? ಸೋಪು ಕೊಳ್ಳುವಾಗ ಪಕ್ಕದಲ್ಲೇ ನಿಂತಿದ್ದಳೇನೋ. ಅವಳು ಬಾಗಿಲು ಬಿಟ್ಟು ಬಂದಳು. ಮೇಜು ಹಿಡಿದು ಕೂತಳು.

ಆ ಮೇಜಿನ ಹತ್ತಿರ ಸೀನಬಾರದು, ಅಳಬಾರದು, ಬಾಯಿ ತೆರೆದು ನಗಬಾರದು. ಇದು ಅಪ್ಪನ ಕಾಲದ ಕಟ್ಟಳೆ. ಕಾಗದವಾದರೆ ಬಣ್ಣ ಕುಡಿಯುತ್ತದೆ, ದಂತ ಕುಡಿಯುವುದಿಲ್ಲ. ನೀರಲ್ಲಿ ಕಲಸಿದ ಬಣ್ಣ ಅದರ ಮೇಲೆ ಬರೀ ಕೂತಿರುತ್ತದೆ, ಅಷ್ಟೇ. ಒಂದು ಹನಿ ಉಗುಳು ಸಿಡಿದರೆ ಒಂದು ಕಣ್ಣು ಹೋದಂತೆ. ಅಪ್ಪ ಈ ಮೇಜಿನ ಮುಂದೆ ಮೂವತ್ತೈದು ವರ್ಷ ಕೂತು, ಸೂಜಿಮೊನೆಯಷ್ಟು ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟು, ಊರಿನ ಅರ್ಧ ಜನರ ಮುಖಗಳನ್ನು ಬರೆದಿದ್ದ. ಜನ ಅವನನ್ನು ಚುಕ್ಕಿ ಮಾಸ್ತರು ಎಂದೇ ಕರೆಯುತ್ತಿದ್ದರು. ಈಗ ಹೊಸ ದಂತವೂ ಬರುವುದಿಲ್ಲ, ಬರೆಸುವವರೂ ಇಲ್ಲ. ಆನೆಗಳಿಗೆ ಒಳ್ಳೆಯದೇ ಆಯಿತು. ಮಗಳಿಗೆ ಉಳಿದದ್ದು ಹಳೆಯವುಗಳ ರಿಪೇರಿ. ಇಪ್ಪತ್ತೆರಡು ವರ್ಷಗಳಿಂದ ಅವಳು ಅದನ್ನೇ ಮಾಡುತ್ತಿದ್ದಳು, ಚೆನ್ನಾಗಿಯೇ ಮಾಡುತ್ತಿದ್ದಳು.

ಅವಳು ಸರ ಬಿಚ್ಚಿ ಪದಕವನ್ನು ಡಾಕ್ಟರ ಡಬ್ಬಿಯ ಪಕ್ಕದಲ್ಲಿಟ್ಟಳು. ಬಟ್ಟೆಯ ಬಣ್ಣ ಮಾತ್ರ ಬೇರೆ, ಅಲ್ಲಿ ನೀಲಿ, ಇಲ್ಲಿ ಬೂದಿ. ಉಳಿದದ್ದು ಚುಕ್ಕಿಗೆ ಚುಕ್ಕಿ ಒಂದೇ. ಈ ಮುಖಕ್ಕೆ ಅವಳು ಎಷ್ಟು ಸುದ್ದಿ ಹೇಳಿದ್ದಳು! ಮೊದಲ ಸಲ ಮುಟ್ಟಾದದ್ದನ್ನು ಹೇಳಿದ್ದಳು. ಗಂಡ ಬಿಟ್ಟು ಹೋದ ದಿನ ಇದರ ಮುಂದೆ ಕೂತು ಅತ್ತಿದ್ದಳು, ಗಾಜು ಇದ್ದದ್ದರಿಂದ ಬಣ್ಣ ಉಳಿದಿತ್ತು. ಕನ್ನಡಿಯಲ್ಲಿ ಕತ್ತು ವಾಲಿಸಿ ವಾಲಿಸಿ, ತಾಯಿಯ ಹಾಗೇ ಇದ್ದೇನೆಂದು ತನಗೆ ತಾನೇ ಹೇಳಿಕೊಂಡು, ಕೊನೆಗೆ ಕತ್ತು ವಾಲಿಸುವುದೇ ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಗಾಜು ಸೀಳು ಬಿಟ್ಟಿದ್ದರಿಂದ ಡಾಕ್ಟರ ಚಿತ್ರವನ್ನು ಹೇಗೂ ಬಿಚ್ಚಲೇಬೇಕು. ಹಿಂದಿನ ತಗಡನ್ನು ಎಬ್ಬಿಸಿ, ಚಿಮಟದಿಂದ ಬಿಲ್ಲೆಯನ್ನು ಹೊರತೆಗೆದಳು. ಬೆನ್ನಿಗೆ ಅಂಟಿಸಿದ ಕಾಗದದ ಮೇಲೆ ಅಪ್ಪನ ಕೈಬರಹವಿತ್ತು, ಪೆನ್ಸಿಲಿನಲ್ಲಿ: ಜವಳಿ ವ್ಯಾಪಾರಿಯ ಸೊಸೆ. ಮೂರು ಬಾರಿ ಕೂತಿದ್ದಾರೆ. ಎರಡು ಪ್ರತಿ, ಒಂದು ಅಂಗಡಿಯ ಮಾದರಿಗೆ.

ಅವಳು ಅದನ್ನು ಓದಿದಳು. ಕೆಳಗೆ ಇಸವಿಯಿತ್ತು, ಅವಳು ಹುಟ್ಟಿದ ಇಸವಿ. ತಾಯಿ ಓಡಿಹೋಗಿರಲಿಲ್ಲ. ಇವಳು ತಾಯಿಯೇ ಅಲ್ಲ. ಮೂರು ಸಲ ಬಂದು ಕುರ್ಚಿಯಲ್ಲಿ ಕೂತು ಎದ್ದುಹೋದ ಗಿರಾಕಿ. ತನ್ನ ಕೊರಳಲ್ಲಿ ಇರುವುದು ಅಂಗಡಿಯ ಮಾದರಿ.

ತಲೆ ಖಾಲಿಯಾಯಿತು. ಖಾಲಿ ತಲೆಯ ಕೆಳಗೆ ಕೈಗಳು ತಮ್ಮ ಪಾಡಿಗೆ ಕೆಲಸ ಮುಂದುವರಿಸಿದವು. ಬಿಲ್ಲೆಯನ್ನು ಮೆತ್ತನೆ ಕಾಗದದ ಮೇಲೆ ಬೋರಲು ಮಲಗಿಸಿದವು. ಬೆನ್ನಿನ ಬೂಷ್ಟು ಹಿಡಿದ ಕಾಗದವನ್ನು ಒದ್ದೆ ಮಾಡಿ ಬಿಡಿಸಿದವು. ಅದರಡಿ ದಂತದ ಮೇಲೆ ಎರಡು ಕೆಂಪು ಕಲೆಗಳಿದ್ದವು, ಒಂದೊಂದು ಕೆನ್ನೆಯ ಹಿಂದೆ ಒಂದೊಂದು. ದಂತದ ಹಾಳೆ ತೆಳುವಾಗಿದ್ದು ಬೆಳಕು ಹಾಯುತ್ತದಲ್ಲ, ಅದಕ್ಕೇ ಹಿಂಬದಿಗೆ ಕೆಂಪು ಹಚ್ಚಿದರೆ ಎದುರಿನಿಂದ ನೋಡುವವರಿಗೆ ಚರ್ಮದ ಒಳಗಿನಿಂದ ರಕ್ತ ಬಂದ ಹಾಗೆ ಕಾಣುತ್ತದೆ. ಚುಕ್ಕಿ ಮಾಸ್ತರ ಕೆನ್ನೆ ಎಂದು ಊರೆಲ್ಲ ಹೊಗಳುತ್ತಿದ್ದದ್ದು ಇದನ್ನೇ. ಆದರೆ ಅಪ್ಪನ ಮೊದಮೊದಲ ಚಿತ್ರಗಳಲ್ಲಿ ಈ ಬಣ್ಣ ಬಹಳ ಒರಟು, ಬೆರಳಲ್ಲಿ ಒತ್ತಿ ಬಿಟ್ಟ ಹಾಗೆ, ರೇಖೆಗಳ ಸಮೇತ. ಆಮೇಲಿನವುಗಳಲ್ಲಿ ಅಚ್ಚುಕಟ್ಟಾದ ಬ್ರಶ್ಶಿನ ಕೆಲಸ. ಹರೆಯದಲ್ಲಿ ಅಪ್ಪ ಅವಸರಗೇಡಿಯಾಗಿದ್ದ ಎಂದುಕೊಂಡು, ನಾಳೆ ಬೇರೆ ಯಾರಾದರೂ ಬಿಚ್ಚಿ ನೋಡಿ ನಕ್ಕರೆ ಅವನ ಮಾನ ಹೋದೀತೆಂದು, ಅಂಥ ಚಿತ್ರ ಕೈಗೆ ಬಂದಾಗಲೆಲ್ಲ ಅವಳು ಕಲೆ ಒರೆಸಿ ಬ್ರಶ್ಶಿನಲ್ಲಿ ನೀಟಾಗಿ ಹಚ್ಚಿಕೊಡುತ್ತಿದ್ದಳು. ಅಪ್ಪನಿಗೆ ಹೇಳಿರಲಿಲ್ಲ. ಹೇಳಿದರೆ ಮೂರು ದಿನ ಮಾತು ಬಿಡುವ ಆಸಾಮಿ.

ಈಗಲೂ ಕೈ ಅದನ್ನೇ ಮಾಡಿತು. ಒದ್ದೆ ಹತ್ತಿ ಒಂದು ಸುತ್ತು, ಎರಡು ಸುತ್ತು. ದಂತ ಬೆಳ್ಳಗಾಯಿತು. ಅವಳು ಹತ್ತಿಯನ್ನು ತಟ್ಟೆಗೆ ಹಾಕಿ, ಪದಕವನ್ನು ಮುಷ್ಟಿಯಲ್ಲಿ ಹಿಡಿದು ಮಹಡಿ ಹತ್ತಿದಳು.

ಅಪ್ಪ ಕಿಟಕಿಯ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ಎಂಬತ್ತೊಂದು ವರ್ಷ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಬೆಳಕು, ಬಣ್ಣ ಬಿಟ್ಟರೆ ಬೇರೇನೂ ತಿಳಿಯದು. ಆದರೂ ಸಿಪ್ಪೆ ಎಲ್ಲೂ ಹರಿಯದಂತೆ ಒಂದೇ ಉದ್ದಕ್ಕೆ ಬರಬೇಕು, ಅದು ಅವನ ಜಂಬ.

"ಅಪ್ಪಾ, ನನ್ನ ಕೊರಳಲ್ಲಿರೋದು ಯಾರು?"

"ಬೆಳಿಗ್ಗೆ ಬೆಳಿಗ್ಗೆ ಏನೇ ಇದು?"

"ಹಲ್ಲಿನ ಡಾಕ್ಟ್ರ ತಾಯಂತೆ. ಜವಳಿ ವ್ಯಾಪಾರಿ ಸೊಸೆ. ಮೂರು ಸಲ ಕೂತಿದ್ದಾಳೆ. ನಿನ್ನ ಕೈಯಲ್ಲೇ ಬರೆದಿದ್ದೀಯ."

ಸಿಪ್ಪೆ ಹರಿಯಿತು. ಅಪ್ಪ ತುಂಡನ್ನು ಬೆರಳಲ್ಲಿ ಹಿಡಿದೇ ಕೂತ. ಆಮೇಲೆ ಹಣ್ಣನ್ನು ತೊಡೆಯ ಮೇಲಿದ್ದ ತಟ್ಟೆಯಲ್ಲಿ ಮೆಲ್ಲಗೆ ಇಟ್ಟ.

"ನೀನೇ ಆರಿಸಿದ್ದು," ಎಂದ.

"ಏನು?"

"ನಿನಗೆ ನಾಲ್ಕು ವರ್ಷ. ಅಂಗಡಿಗೆ ಇಳಿದು ಬಂದಿದ್ದೆ. ಗಿರಾಕಿಗಳಿಗೆ ತೋರಿಸೋ ಮಾದರಿ ತಟ್ಟೆ ಎಳಕೊಂಡು ಒಂದೊಂದೇ ಮುಖ ನೋಡ್ತಾ ಕೂತೆ. ಹತ್ತು ಹನ್ನೆರಡು ಹೆಂಗಸರಿದ್ರು ಅದರಲ್ಲಿ. ಇವಳನ್ನ ಕೈಗೆ ತಗೊಂಡು 'ಅಮ್ಮಾನಾ?' ಅಂದೆ. ನಾನು ಯಾರದೋ ಕಣ್ಣಿಗೆ ಬಿಳಿ ಚುಕ್ಕಿ ಇಡ್ತಾ ಇದ್ದೆ. ಕಣ್ಣಿನ ಚುಕ್ಕಿ ಇಡೋವಾಗ ತಲೆ ಎತ್ತಕ್ಕಾಗಲ್ಲ, ನಿನಗೂ ಗೊತ್ತು. 'ಹೂಂ' ಅಂದುಬಿಟ್ಟೆ."

"ತಲೆ ಎತ್ತಿದ ಮೇಲೆ?"

"ಎತ್ತಿ ನೋಡ್ತೀನಿ, ನೀನು ಅದನ್ನ ಕೆನ್ನೆಗೆ ಒತ್ತಿಕೊಂಡು ನಿಂತಿದ್ದೀಯ. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣೇ. ದೊಡ್ಡವಳಾದ ಮೇಲೆ ಹೇಳೋಣ ಅಂದುಕೊಂಡೆ. ದೊಡ್ಡವಳಾದೆ, ಮದುವೆ ಆಯ್ತು. ಆಮೇಲೆ ಮದುವೆ ಮುರೀತು. ಆ ಹೊತ್ತಲ್ಲಿ ನಿನ್ನ ತಾಯಿನೂ ಕಿತ್ತುಕೊಳ್ಳಲಾ?"

ಒಂದು 'ಹೂಂ'. ನಲವತ್ತೈದು ವರ್ಷ. ಅವಳಿಗೆ ಕಿರುಚಬೇಕೆನಿಸಿತು. ಅವನ ತಟ್ಟೆಯನ್ನು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು.

"ಅದಕ್ಕೇನಾ ಇದನ್ನ ಬಿಚ್ಚಬೇಡ ಅಂದಿದ್ದು? ಒಳಗೆ ಗಾಳಿ ಹೋದ್ರೆ ಮುಖ ಅಳಿಸಿ ಹೋಗುತ್ತೆ ಅಂದಿದ್ದು?"

"ಹಿಂದೆ ಬರೆದಿತ್ತಲ್ಲ."

ಊರವರ ಪದಕಗಳನ್ನೆಲ್ಲ ಬಿಚ್ಚಿದವಳು ತನ್ನದೊಂದನ್ನು ಬಿಚ್ಚಿರಲಿಲ್ಲ. ಗಾಳಿಗೆ ಮುಖ ಹೋಗುವುದಿಲ್ಲವೆಂದು ತಿಳಿದ ಮೇಲೂ ಬಿಚ್ಚಿರಲಿಲ್ಲ. ಅಪ್ಪ ಬೇಡವೆಂದಿದ್ದ, ಅಷ್ಟು ಸಾಕಾಗಿತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹಾಗಾದ್ರೆ ಅಮ್ಮಂದು ಎಲ್ಲಿ? ಊರಿನವರದ್ದೆಲ್ಲ ಬರೆದೆಯಲ್ಲ, ಅಮ್ಮಂದು?"

"ಇಲ್ಲ."

"ಒಂದೂ ಇಲ್ವಾ? ಫೋಟೋ?"

"ಎದುರುಗಡೆ ಫೋಟೋದವನು ಅಂಗಡಿ ಇಟ್ಟು ನನ್ನ ಅನ್ನಕ್ಕೆ ಕಲ್ಲು ಹಾಕಿದ್ದ. ಅವನ ಮುಂದೆ ಹೋಗಿ ನನ್ನ ಹೆಂಡತಿ ಕೂರೋದಾ? ನಾನು ಬರೀತೀನಿ ಅಂದೆ. ಈ ವಾರ ಬರೀತೀನಿ, ಮುಂದಿನ ವಾರ ಬರೀತೀನಿ. ಗಿರಾಕಿಗಳು ಮುಗೀತಿರಲಿಲ್ಲ." ಅಪ್ಪ ಮುಖ ಒರೆಸಿಕೊಂಡ. ಕಿತ್ತಳೆಯ ರಸ ಹುಬ್ಬಿಗೆ ಹತ್ತಿತು. "ಆಮೇಲೆ ಜ್ವರ ಬಂತು. ಐದು ದಿನ."

"ಹೇಗಿದ್ದಳು? ಬಾಯಲ್ಲಾದ್ರೂ ಹೇಳು."

ಎರಡು ಸಾವಿರ ಮುಖ ಬರೆದ ಮನುಷ್ಯ ಬಾಯಿ ತೆರೆದು ಕೂತ. ಕಾಣದ ಕಣ್ಣುಗಳನ್ನು ಮುಚ್ಚಿದ.

"ಬಣ್ಣ ಅರೆಯೋವಾಗ ನಾಲಿಗೆ ತುದಿ ಕಚ್ಚಿಕೊಳ್ಳೋಳು. ನಡೀವಾಗ ಸದ್ದಾಗ್ತಿರಲಿಲ್ಲ. ಕೈ ಸಣ್ಣದು."

"ಮುಖ ಅಪ್ಪಾ. ಮುಖ."

"ನಾನು ಎದುರಿಗೆ ಕೂತವರ ಮುಖ ನೋಡ್ತಿದ್ದೆ," ಎಂದ. "ಅವಳು ನನ್ನ ಪಕ್ಕ ಕೂರ್ತಿದ್ದಳು."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಅವಳು ಕೋಪ ಮಾಡಿಕೊಳ್ಳಲು ಪ್ರಯತ್ನಿಸಿದಳು. ಅದು ಬರಬೇಕಾದಷ್ಟು ಬರಲಿಲ್ಲ.

"ಪಕ್ಕ ಕೂತು ಏನು ಮಾಡ್ತಿದ್ದಳು?"

"ಕೆನ್ನೆ."

"ಅಂದ್ರೆ?"

"ಹಿಂಬದಿ ಕೆಂಪು. ಅದೆಲ್ಲಾ ಅವಳದ್ದೇ. ನಾನು ಬ್ರಶ್ಶಲ್ಲಿ ಹಚ್ಚಿದ್ರೆ ಬಣ್ಣ ಬಳಿದ ಹಾಗಿರೋದು. ಅವಳು ಉಂಗುರದ ಬೆರಳಿಗೆ ಬಣ್ಣ ತಗೊಂಡು ಒಂದೇ ಒಂದು ಸಲ ಒತ್ತಿ ಎತ್ತುತಿದ್ದಳು. ಮುಗೀತು, ಮುಖಕ್ಕೆ ಜೀವ ಬರೋದು. ಚುಕ್ಕಿ ಮಾಸ್ತರ ಕೆನ್ನೆ ಅಂತ ಜನ ಅನ್ನೋರಲ್ಲ, ಮಾಸ್ತರದ್ದಲ್ಲ ಅದು. ಅವಳು ಹೋದ ಮೇಲೆ ನನ್ನ ಬೆರಳಲ್ಲಿ ಒತ್ತಿ ನೋಡಿದೆ. ಕೊಳಕಾಯ್ತು. ಬ್ರಶ್ಶು ಹಿಡಿದೆ. ನಿನಗೂ ಬ್ರಶ್ಶೇ ಕಲಿಸಿದೆ. ಹೆಸರು ಆಗಲೇ ನನ್ನದಾಗಿಬಿಟ್ಟಿತ್ತು, ಹೇಗೆ ಹೇಳಲಿ?"

ಅವಳು ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಇತ್ತು.

"ಆ ಬೆರಳಿಗೆ ಒಂದು ಗಾಯ ಬೇರೆ," ಅಪ್ಪ ಹೇಳುತ್ತಲೇ ಇದ್ದ, ಈಗ ಅವನಿಗೆ ಹೇಳುವ ಹುರುಪು ಬಂದಿತ್ತು. "ದಂತ ಕೆರೆಯೋ ಅಲಗು ತಗುಲಿತ್ತು. ಅಡ್ಡಕ್ಕೆ ಗೆರೆ ಉಳೀತು. ಒತ್ತಿದ ಕಡೆಯೆಲ್ಲ ನಡುವೆ ಕೂದಲೆಳೆಯಷ್ಟು ಬಿಳಿ ಬರೋದು. ಸಹಿ ಹಾಕಿದ ಹಾಗೆ. ನಿನಗೆ ರಿಪೇರಿಗೆ ಬಂದಿರೋದರಲ್ಲಿ ನೋಡಿರ್ತೀಯಲ್ಲ?"

ನೋಡಿದ್ದಳು. ಆ ಬಿಳಿ ಗೆರೆಯನ್ನು ಬಣ್ಣ ಬಿರುಕು ಬಿಟ್ಟಿದೆ ಎಂದುಕೊಂಡಿದ್ದಳು. ಗಿಳಿ ಹಿಡಿದ ಹುಡುಗಿಯ ಕೆನ್ನೆಯ ಹಿಂದೆ ನೋಡಿದ್ದಳು, ಒರೆಸಿದ್ದಳು. ಅವಳಿ ಅಕ್ಕತಂಗಿಯರ ನಾಲ್ಕು ಕೆನ್ನೆಗಳನ್ನು ಒಂದೇ ಮಧ್ಯಾಹ್ನ ಒರೆಸಿದ್ದಳು. ನ್ಯಾಯಾಧೀಶರ ಹೆಂಡತಿ. ಮೀಸೆಯ ಹಡಗಿನ ಕಪ್ತಾನ. ಬೋಳುತಲೆಯ ಪಿಟೀಲಿನವನು, ಅವನದ್ದು ಎಷ್ಟು ಒರೆಸಿದರೂ ಹೋಗಿರಲಿಲ್ಲ, ಹತ್ತಿ ನಾಲ್ಕು ಸಲ ಬದಲಿಸಿದ್ದಳು. ಎಲ್ಲ ಅಪ್ಪನ ಮಾನ ಉಳಿಸಲು. ಇಪ್ಪತ್ತೆರಡು ವರ್ಷ ಅಮ್ಮನ ಕೈ ಅವಳ ಮೇಜಿನ ಮೇಲೆ ಮತ್ತೆ ಮತ್ತೆ ಬಂದಿತ್ತು, ಅವಳು ಪ್ರತಿಸಲವೂ ಅದನ್ನು ಕೊಳೆ ಎಂದು ತೊಳೆದಿದ್ದಳು. ಕೊನೆಯದನ್ನು ತೊಳೆದು ಕಾಲು ಗಂಟೆಯೂ ಆಗಿರಲಿಲ್ಲ.

"ಅಪ್ಪಾ, ನಾನು ಒರೆಸಿಬಿಟ್ಟೆ."

"ಯಾವುದನ್ನ?"

"ಅದನ್ನೇ. ಬೆರಳಿಂದು. ನೀಟಾಗಿರಲಿಲ್ಲ ಅಂತ. ಒರೆಸಿ ಬ್ರಶ್ಶಲ್ಲಿ ಹಚ್ಚುತಿದ್ದೆ."

"ಯಾವ ಚಿತ್ರದ್ದು?"

"ಎಲ್ಲಾ. ಬಂದಿದ್ದೆಲ್ಲಾ."

ಅಪ್ಪನ ಮುಖ ಕೆಟ್ಟಿತು. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅವನು ಬೈಯಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲೆ ತಂದುಕೊಂಡು, ಒಂದರ ಬೆರಳನ್ನು ಇನ್ನೊಂದರಿಂದ ಹಿಡಿದುಕೊಂಡು ಕೂತ. ತಪ್ಪು ಯಾರದೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರದೂ ಬೇರೆ ಬೇರೆ ತಪ್ಪು, ಎರಡೂ ಸೇರಿ ಒಬ್ಬ ಹೆಂಗಸನ್ನು ಎರಡನೆಯ ಸಲ ಇಲ್ಲವಾಗಿಸಿದ್ದವು.

ಆಮೇಲೆ ಅಪ್ಪ ಕೇಳಿದ. "ನಿನ್ನದು? ಕೊರಳಿಂದು?"

ಅವಳು ಮುಷ್ಟಿ ಬಿಚ್ಚಿದಳು. ಅದು ಅಲ್ಲೇ ಇತ್ತು. ಹಿಡಿದು ಹಿಡಿದು ಅಂಗೈಯಲ್ಲಿ ಅಂಚು ಮೂಡಿತ್ತು.

"ಇದರ ಹಿಂದೆ ಅಮ್ಮಂದು ಇದೆಯಾ?"

"ಗೊತ್ತಿಲ್ಲ. ಎರಡನೇ ಪ್ರತಿ ಮಾಡೋ ಹೊತ್ತಿಗೆ ನೀನು ಹುಟ್ಟಿದ್ದೆ. ಅವಳು ಕೆಲವು ದಿನ ಇಳಿದು ಬರೋಳು, ಕೆಲವು ದಿನ ಬರ್ತಿರಲಿಲ್ಲ. ಬರದ ದಿನ ನಾನೇ ಹೇಗೋ ಮುಗಿಸ್ತಿದ್ದೆ." ಅವನು ಕುರ್ಚಿಯ ಕೈ ಹಿಡಿದು ಎದ್ದ. "ನಡಿ ಕೆಳಗೆ. ಮೊದಲು ನನ್ನ ಕೈ ತೊಳೆಸು. ರಸ ಆಗಿದೆ."

ಮೆಟ್ಟಿಲಲ್ಲಿ ಅವನು ಅವಳ ಹೆಗಲಿಗೆ ಕೈಕೊಟ್ಟು ಒಂದೊಂದೇ ಇಳಿದ. ಅವಳು ಅವನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದಳು. ಮೇಜಿನ ಮೇಲಿದ್ದ ನೀರಿನ ಬಟ್ಟಲನ್ನು ಎತ್ತಿ ದೂರದ ಕಪಾಟಿನಲ್ಲಿಟ್ಟಳು. ಕೆಂಪಾದ ಹತ್ತಿ ತಟ್ಟೆಯಲ್ಲಿ ಹಾಗೇ ಇತ್ತು. ಅದನ್ನು ನೋಡದೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಪದಕದ ಹಿಂದಿನ ತಗಡು ಮೊದಲ ಸಲ ಎದ್ದಿತು. ಒಳಗಿನ ಕಾಗದದ ಮೇಲೆ ಎರಡೇ ಪದ, ಎರಡನೆಯ ಪ್ರತಿ. ಕಾಗದ ದಂತಕ್ಕೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಒದ್ದೆ ಮಾಡಿದ್ದರೆ ಐದು ನಿಮಿಷದ ಕೆಲಸ. ಈ ಸಲ ನೀರು ಮುಟ್ಟುವ ಹಾಗಿಲ್ಲ. ತೆಳ್ಳನೆಯ ಅಲಗನ್ನು ಮಲಗಿಸಿ ಹಿಡಿದು, ಕಾಗದವನ್ನು ಪದರು ಪದರಾಗಿ, ಅಕ್ಕಿಕಾಳಿನಷ್ಟಷ್ಟೇ ಬಿಡಿಸುತ್ತಾ ಹೋದಳು. ಹಣೆಯ ಮೇಲೆ ಬೆವರು ಮೂಡಿದಾಗ ಅಲಗು ಕೆಳಗಿಟ್ಟು, ಎದ್ದು ಹೋಗಿ, ಒರೆಸಿಕೊಂಡು ಬಂದಳು. ಬಿಸಿಲು ಮೇಜಿನ ಅಂಚಿನಿಂದ ನಡುವಿಗೆ ಬಂತು. ಅಪ್ಪ ಒಮ್ಮೆಯೂ ಎಷ್ಟು ಹೊತ್ತು ಎಂದು ಕೇಳಲಿಲ್ಲ. ಅವನಿಗೆ ಆ ಕೆಲಸದ ಸದ್ದು ಗೊತ್ತಿತ್ತು.

ಮೊದಲು ತೆರೆದದ್ದು ಎಡಗೆನ್ನೆಯ ಹಿಂಭಾಗ. ಬ್ರಶ್ಶಿನ ಕೆಲಸ. ಎಡದಿಂದ ಬಲಕ್ಕೆ ಐದಾರು ಸಣ್ಣ ಎಳೆತಗಳು, ಎಚ್ಚರಿಕೆಯಿಂದ ಎಳೆದವು, ಜೀವವಿಲ್ಲದವು. ಅಪ್ಪನದು. ಅವಳು ಅಲಗು ಮುಂದೆ ಸರಿಸಿದಳು. ಉಳಿದ ಕಾಗದವನ್ನು ಬಿಡಿಸಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಪದರು ತಾನಾಗಿಯೇ ಸುರುಳಿ ಸುತ್ತಿಕೊಂಡು ಮೇಲೆದ್ದಿತು.

ಬಲಗೆನ್ನೆಯ ಹಿಂದೆ ಒಂದು ಬೆರಳಿನ ಗುರುತಿತ್ತು.

ಮಕ್ಕಳದ್ದೇನೋ ಎನ್ನುವಷ್ಟು ಚಿಕ್ಕದು. ಭೂತಗನ್ನಡಿಯಲ್ಲಿ ಒಂದೊಂದು ರೇಖೆಯೂ ಕಾಣುತ್ತಿತ್ತು, ನಡುವೆ ಸುಳಿ, ಸುಳಿಯ ಮೇಲೆ ಅಡ್ಡಕ್ಕೆ ಕೂದಲೆಳೆಯಷ್ಟು ಬಿಳಿ ಗೆರೆ. ಇವತ್ತು ಬೆಳಿಗ್ಗೆ ಒತ್ತಿದ ಹಾಗೆ ಕೆಂಪಗಿತ್ತು. ಅವಳಿಗೆ ಉಸಿರು ನುಗ್ಗಿ ಬಂತು. ಬಾಯಿ ಬಿಗಿಹಿಡಿದು, ಕುರ್ಚಿ ಹಿಂದೆ ತಳ್ಳಿ, ಬಾಗಿಲವರೆಗೆ ಓಡಿ ಹೋಗಿ, ಬೀದಿಯ ಕಡೆ ಮುಖ ಮಾಡಿ ನಿಂತು, ಅಲ್ಲಿ ಉಸಿರು ಬಿಟ್ಟಳು. ಅಲ್ಲೇ ಅತ್ತಳು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬಾಕೆ ನಿಂತು ನೋಡಿ, ಏನಾಯ್ತಮ್ಮ ಎಂದು ಕೇಳಿ ಮುಂದೆ ಹೋದಳು.

"ಇದೆಯಾ?" ಒಳಗಿನಿಂದ ಅಪ್ಪ ಕೇಳಿದ.

"ಒಂದೇ ಇದೆ. ಬಲಕ್ಕೆ. ಎಡಕ್ಕೆ ನಿನ್ನ ಬ್ರಶ್ಶು."

"ಒಂದೇ ಯಾಕೆ?" ಅಪ್ಪ ತನ್ನಷ್ಟಕ್ಕೇ ಎಂಬಂತೆ ಕೇಳಿಕೊಂಡ. ಅವಳು ಕಣ್ಣೊರೆಸಿಕೊಂಡು, ಕೈ ತೊಳೆದು, ಚೆನ್ನಾಗಿ ಒಣಗಿಸಿಕೊಂಡು ಮೇಜಿನ ಹತ್ತಿರ ಬರುವವರೆಗೂ ಅವನು ಯೋಚಿಸುತ್ತಲೇ ಇದ್ದ. ಆಮೇಲೆ ಅವನ ಮುಖದಲ್ಲಿ ಏನೋ ಸಡಿಲವಾಯಿತು.

"ನಿನ್ನನ್ನ ಇಲ್ಲೇ ಮಲಗಿಸ್ತಿದ್ದಳು, ಮೇಜಿನ ಪಕ್ಕ, ಬಟ್ಟೆ ಬುಟ್ಟಿಯಲ್ಲಿ. ಒಂದು ಕೆನ್ನೆ ಒತ್ತಿರ್ತಾಳೆ, ನೀನು ಅಳೋಕೆ ಶುರು ಮಾಡಿರ್ತೀಯ. ಎದ್ದಿರ್ತಾಳೆ. ಕಲಸಿದ ಬಣ್ಣ ಒಣಗಿಹೋಗುತ್ತೆ ಅಂತ ನಾನು ಇನ್ನೊಂದನ್ನ..." ಅವನು ಕೈಯನ್ನು ಮೇಜಿನ ಕಡೆ ಚಾಚಿದ. ಮುಟ್ಟಬಾರದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡ. "ಬಹಳ ಅಳ್ತಿದ್ದೆ ನೀನು."

ಅವಳು ಗಾಜನ್ನು ಒರೆಸಿ ಒಣಗಿಸಿದಳು. ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ ಪದಕದೊಳಗೆ ಇಡುವಾಗ ಮುಖವನ್ನು ತಗಡಿನ ಕಡೆಗೆ, ಬೆನ್ನನ್ನು ಗಾಜಿನ ಕಡೆಗೆ ಮಾಡಿ ಇಟ್ಟಳು. ಅಂಚು ಒತ್ತಿ, ಮುಚ್ಚಿ, ಅಪ್ಪನ ಅಂಗೈಯಲ್ಲಿಟ್ಟಳು.

ಆಮೇಲೆ ಡಾಕ್ಟರ ತಾಯಿಯ ಕೆಲಸಕ್ಕೆ ಕೂತಳು. ತೊಳೆದ ದಂತದಲ್ಲಿ ಆ ಮುಖ ಸತ್ತವರ ಹಾಗೆ ಬಿಳಿಚಿಕೊಂಡಿತ್ತು. ಶುಕ್ರವಾರ ಹೀಗೆ ಕೊಡಲು ಬರುವುದಿಲ್ಲ, ಏನಾಯಿತೆಂದೂ ಹೇಳಬೇಕು. ಕೆಂಪನ್ನು ಅರೆದಳು, ಗೋಂದು ಬೆರೆಸಿದಳು. ಅಭ್ಯಾಸಬಲದಿಂದ ಬ್ರಶ್ಶಿನ ಕಡೆ ಹೋದ ಕೈಯನ್ನು ತಡೆದು, ಉಂಗುರದ ಬೆರಳಿನ ತುದಿಗೆ ಚೂರು ಬಣ್ಣ ತೆಗೆದುಕೊಂಡಳು. ಉಸಿರು ಹಿಡಿದು ಬಾಗಿದಳು.

ಅಪ್ಪ ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಳಿದ ಒಂದು ಕಣ್ಣಿನ ಹತ್ತಿರ ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದ.

"ಬರೀ ಕೆಂಪು ಕಾಣುತ್ತೆ ನನಗೆ," ಎಂದ. "ಅವಳೇನೇ?"

ಮಗಳ ಬೆರಳು ಕೆನ್ನೆಯ ಹಿಂಬದಿಗೆ ಇಳಿಯುತ್ತಿತ್ತು. ತಲೆ ಎತ್ತುವಂತಿರಲಿಲ್ಲ.

"ಹೂಂ," ಎಂದಳು.